ಡ್ರೈವರಿಗೆ ಹೇಳಿದ ಪರೀಕ್ಷೆ

ಅತ್ತೆ ಯಾವ ಮಾತನ್ನೂ ಹೇಳಬೇಕಾದವರಿಗೆ ಹೇಳಿದವರಲ್ಲ. ಸೊಸೆಗೆ ಹೇಳಬೇಕಾದ್ದನ್ನು ಹೊಲಿಗೆ ಮಿಷನ್ನಿಗೆ ಹೇಳುತ್ತಿದ್ದರು. "ನಿನಗೂ ವಯಸ್ಸಾಯ್ತು, ಕೀಲಿಗೆ ಎಣ್ಣೆ ಬಿಡೋರು ಗತಿಯಿಲ್ಲ" ಎಂದು ಮಿಷನ್ನಿನ ಬೆನ್ನು ಸವರಿದರೆ ಅವರ ಮಂಡಿನೋವಿನ ಮುಲಾಮು ಮುಗಿದಿದೆ ಎಂದರ್ಥ. "ಕೆಲವರ ಪಾಲಿಗೆ ಬಾಗಿಲು ಇರೋದೇ ತೆಗೆಯೋಕೆ" ಎಂದು ಬೆಕ್ಕಿಗೆ ಬುದ್ಧಿ ಹೇಳಿದರೆ ಸೊಸೆ ಚಿಲಕ ಹಾಕಲು ಮರೆತಿದ್ದಾಳೆ ಎಂದರ್ಥ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತದೆ ಗಾದೆ. ಆ ಮನೆಯಲ್ಲಿ ಅತ್ತೆಯ ಕೋಪವೂ ಪ್ರೀತಿಯೂ ದುಃಖವೂ ಕೊತ್ತಿಯ ಮೇಲೆಯೇ ಬೀಳುತ್ತಿದ್ದವು. ಅದು ಎಲ್ಲವನ್ನೂ ಕೇಳಿಸಿಕೊಂಡು, ಒಂದಕ್ಕೂ ಉತ್ತರ ಕೊಡದೆ, ದುಂಡಗೆ ಬೆಳೆದಿತ್ತು.

ಸೊಸೆಯನ್ನು ಬೀದಿಯವರೆಲ್ಲ ಸೀಟಕ್ಕ ಅನ್ನುತ್ತಿದ್ದರು. ಬಸ್ಸು, ವ್ಯಾನು, ಕಾರುಗಳ ಹರಿದ ಸೀಟುಗಳಿಗೆ ಹೊಸ ಫೋಮು ತುಂಬಿ, ರೆಕ್ಸಿನ್ ಹೊದಿಸಿಕೊಡುವ ಅಂಗಡಿ ಅತ್ತೆ ಸೊಸೆಯರದು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಂಗಡಿ ಹಾಕಿದವನು ಸೀಟಕ್ಕನ ಗಂಡ. ಆರು ವರ್ಷದ ಹಿಂದೆ ದೂರದ ಊರಿನಿಂದ ರೆಕ್ಸಿನ್ ಸುರುಳಿ ತರುವಾಗ ಲಾರಿ ಗುದ್ದಿ ದಾರಿಯಲ್ಲೇ ಹೋಗಿಬಿಟ್ಟ. ಸತ್ತ ಮೇಲೆ ಎಲ್ಲರೂ ಒಳ್ಳೆಯವರಾಗುತ್ತಾರೆ, ಆದರೆ ಇವನು ಬದುಕಿದ್ದಾಗಲೇ ಒಳ್ಳೆಯವನು. ಸಿಗರೇಟಿಲ್ಲ, ಕುಡಿತವಿಲ್ಲ, ಸೀಟಿನ ಸಂದಿಯಲ್ಲಿ ಸಿಕ್ಕಿದ ಬಾಚಣಿಗೆಯನ್ನೂ ಗಿರಾಕಿಗೆ ಹುಡುಕಿಕೊಂಡು ಹೋಗಿ ಕೊಟ್ಟುಬರುತ್ತಿದ್ದವನು. "ಚಿನ್ನದಂಥ ಮನುಷ್ಯ" ಎನ್ನದೆ ಅವನ ಮಾತೆತ್ತುವವರೇ ಇರಲಿಲ್ಲ. ಅವನು ಹೋದ ಮೇಲೆ ಸೀಟಕ್ಕ ಅವನ ದಪ್ಪ ಸೂಜಿಯನ್ನು ಹಿಡಿದಳು, ಅತ್ತೆ ಅಂಚಿನ ಪೈಪಿಂಗ್ ಹೊಲಿಯಲು ಕೂತರು. ಇಬ್ಬರು ಹೆಂಗಸರು ಬಸ್ಸಿನ ಸೀಟು ಕಳಚಿ ಹೊರುವುದನ್ನು ನೋಡಿ ನಕ್ಕವರೇ ಆಮೇಲೆ ತಮ್ಮ ಗಾಡಿ ತಂದು ಸಾಲು ನಿಲ್ಲಿಸಿದರು.

ಹಾಗೆ ನಿಲ್ಲಿಸಿದವರಲ್ಲಿ ಡ್ರೈವರೂ ಒಬ್ಬ. ದೂರದ ಊರುಗಳಿಗೆ ಬಸ್ಸು ಓಡಿಸುವ, ನಲವತ್ತು ದಾಟಿದ ಗಂಡಸು. ಅವನ ಹೆಂಡತಿ ಎಂದೋ ಅವನನ್ನು ಬಿಟ್ಟು ಬೇರೆ ಮದುವೆಯಾಗಿದ್ದಳು. "ವಾರದಲ್ಲಿ ಐದು ದಿನ ಮನೇಲಿ ಇರದ ಗಂಡನ್ನ ಯಾರು ಇಟ್ಕೋತಾರೆ, ಅವಳದ್ದೇನೂ ತಪ್ಪಿಲ್ಲ" ಎಂದು ಅವನೇ ಹೇಳುತ್ತಿದ್ದ. ತನ್ನ ಬಸ್ಸಿನ ಸೀಟುಗಳಿಗೆ ಹೊದಿಕೆ ಹಾಕಿಸಲು ಬಂದವನು ಸುಮ್ಮನೆ ಕೂರಲಾರದೆ ಇಕ್ಕಳ ಹಿಡಿದು ಹಳೆಯ ಪಿನ್ನು ಕೀಳತೊಡಗಿದ. ಕೆಲಸ ಮುಗಿದ ಮೇಲೂ ಬಂದ. ಮುರಿಯದ ಸೀಟನ್ನು ಮುರಿದಿದೆ ಎಂದು ತಂದ. ಕಡೆಗೊಂದು ದಿನ, "ಇನ್ನು ನನ್ನ ಬಸ್ಸಲ್ಲಿ ಹರಿಯೋಕೆ ಏನೂ ಉಳಿದಿಲ್ಲ, ಏನು ನೆಪ ಹೇಳ್ಲಿ?" ಎಂದು ಕೇಳಿಯೇ ಬಿಟ್ಟ. ಸೀಟಕ್ಕನಿಗೆ ನಗು ಬಂತು. ನಗು ನಿಂತ ಮೇಲೂ ಮೈಯೆಲ್ಲ ಹಗುರವಾಗಿತ್ತು. ತನಗೆ ಇನ್ನೊಂದು ಬದುಕು ಬೇಕು ಎಂದು ಅವಳಿಗೆ ಗೊತ್ತಾದದ್ದು ಆಗ, ಎಷ್ಟು ಬೇಕು ಎಂದು ಗೊತ್ತಾಗಿ ಹೆದರಿದ್ದೂ ಆಗಲೇ.

ಅತ್ತೆ ಒಪ್ಪಿದರು. ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು, "ಎಷ್ಟು ದಿನ ಅಂತ ಒಂಟಿ ಬಾಳು ಬಾಳ್ತೀಯ, ಯಾವುದಾದ್ರೂ ಗಂಡುಬೆಕ್ಕು ಒಳ್ಳೇದಿದ್ರೆ ನೋಡ್ಕೋ" ಎಂದರು. ಮದುವೆಯಾದ ಮೇಲೆ ಡ್ರೈವರ್ ಇದೇ ಮನೆಗೆ ಬಂದು ಇರುವುದು ಎಂದೂ ಮಾತಾಯಿತು. ಆದರೆ ಮರುದಿನ ಅವನು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಅತ್ತೆ ಮಿಷನ್ ನಿಲ್ಲಿಸಿ ಅವನ ಮುಖಕ್ಕೇ ಹೇಳಿದರು.

"ಮದುವೆಗೆ ಮುಂಚೆ ರಕ್ತ ಪರೀಕ್ಷೆ ಮಾಡಿಸ್ಬೇಕು."

"ಸಕ್ಕರೆ ಕಾಯಿಲೆ ಇಲ್ಲಮ್ಮ ನನಗೆ" ಎಂದ ಡ್ರೈವರ್.

"ಆ ಪರೀಕ್ಷೆ ಅಲ್ಲ. ಹೆಣ್ಣುಗಂಡಿನ ಮಧ್ಯೆ ಅಂಟುತ್ತಲ್ಲ, ಅದು. ಡ್ರೈವರು ಅಂದ್ಮೇಲೆ ಊರಿಗೊಂದು ಬಿಡಾರ. ತಪ್ಪು ತಿಳ್ಕೋಬೇಡ."

ಸೀಟಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಡ್ರೈವರನ ಕಿವಿ ಕೆಂಪಾಯಿತು. ಆದರೂ ಅವನು ನಕ್ಕ. "ಬಸ್ಸಿಗೆ ವರ್ಷಕ್ಕೊಂದು ತಪಾಸಣೆ ಉಂಟು, ಡ್ರೈವರಿಗೂ ಒಂದಿರ್ಲಿ ಬಿಡಿ."

"ಇಬ್ಬರೂ ಮಾಡಿಸಿ" ಎಂದರು ಅತ್ತೆ. "ನಿನ್ನೊಬ್ಬನ್ನೇ ಕಳಿಸಿದ್ರೆ ಅವಮಾನ ಮಾಡಿದ ಹಾಗಾಗುತ್ತೆ. ಇವಳೂ ಜೊತೇಲಿ ಬರ್ಲಿ." ಆಮೇಲೆ ಮಿಷನ್ ಓಡಿಸಿದರು, ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ.

ಅತ್ತೆಯ ಮಾತಿನ ಗುರಿ ಎಲ್ಲಿದೆ ಎಂದು ಹುಡುಕುವುದರಲ್ಲಿ ಸೀಟಕ್ಕ ಪಳಗಿದವಳು. ಬೆಕ್ಕಿಗೆ ಬೈದರೆ ತನಗೆ, ಗೋಡೆಯನ್ನು ಹೊಗಳಿದರೆ ತನ್ನನ್ನು, ಪಕ್ಕದ ಬೀದಿಯ ಯಾರದೋ ಸೊಸೆಯ ಕತೆ ಹೇಳಿದರೆ ಅದಂತೂ ಖಂಡಿತ ತನಗೆ. ಆದರೆ ಆ ದಿನ ಅವಳ ಬುದ್ಧಿ ಮಂಕಾಯಿತೋ ಏನೋ, ಅತ್ತೆ ಡ್ರೈವರಿಗೆ ಹೇಳಿದ್ದನ್ನು ಡ್ರೈವರಿಗೇ ಹೇಳಿದ್ದೆಂದು ನಂಬಿದಳು.

ಪರೀಕ್ಷೆಯ ದಿನದವರೆಗೂ ಅವಳಿಗೆ ಚಿಂತೆ ಅವನದೇ. ಏನಾದರೂ ಇದ್ದೇಬಿಟ್ಟರೆ? ಈ ಮದುವೆ ಮುರಿಯುತ್ತದಲ್ಲ! ಅವನು ಕೆಮ್ಮಿದರೆ ತಲೆಯೆತ್ತಿ ನೋಡುವಳು, ತೋಳು ಕೆರೆದುಕೊಂಡರೆ ಏನು ಕಚ್ಚಿತು ಎಂದು ಕೇಳುವಳು. "ಸೊಳ್ಳೆ ಕಚ್ಚಿದ್ರೂ ನಿಮಗೆ ಲೆಕ್ಕ ಒಪ್ಪಿಸ್ಬೇಕಾ?" ಎಂದು ಅವನು ಕೈ ಮುಗಿದ. ತನ್ನ ಮೈಯ ಕಡೆ ಒಮ್ಮೆಯೂ ಅವಳು ಕಣ್ಣು ಹಾಯಿಸಲಿಲ್ಲ. ಯಾಕೆ ಹಾಯಿಸಬೇಕು? ಬದುಕಿನಲ್ಲಿ ಒಬ್ಬನೇ ಗಂಡಸು, ಅವನೂ ಚಿನ್ನದಂಥವನು.

ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ, ಸೈಕಲ್ ನಿಲ್ಲಿಸುವ ಜಾಗ ದಾಟಿದ ಮೇಲೆ, ಆ ಪರೀಕ್ಷೆಯ ಕೋಣೆ. ಹೊರಗಿನ ಬೆಂಚಿನ ರೆಕ್ಸಿನ್ ಬಿರಿದು ಫೋಮು ಇಣುಕುತ್ತಿತ್ತು. ಅದನ್ನು ನೋಡಿ ಸೀಟಕ್ಕನ ಬೆರಳು ತುರಿಸಿತು. ಡಾಕ್ಟರಮ್ಮ ಸಣ್ಣ ಆಕೃತಿಯ, ದೊಡ್ಡ ದನಿಯ ಹೆಂಗಸು. ಇಂಥ ವಿಷಯವನ್ನು ಬೇರೆಯವರು ಪಿಸುಗುಟ್ಟುತ್ತಾರೆ, ಈಕೆ ತರಕಾರಿ ಕೊಳ್ಳುವವರ ಹಾಗೆ ಗಟ್ಟಿಯಾಗಿ ಮಾತಾಡುತ್ತಿದ್ದರು.

"ನೋವಿಲ್ಲ, ತುರಿಕೆ ಇಲ್ಲ, ಅದಕ್ಕೇ ನನಗೇನೂ ಇಲ್ಲ ಅಂತ ಎಲ್ಲರೂ ಅಂದ್ಕೋತಾರೆ. ಇವುಗಳಲ್ಲಿ ಎಷ್ಟೋ ಸೋಂಕು ಸದ್ದೇ ಮಾಡಲ್ಲ. ವರ್ಷಗಟ್ಟಲೆ ಸುಮ್ನಿರುತ್ತವೆ. ರಕ್ತ ನೋಡ್ದೆ ಯಾರಿಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ಸೀಟಕ್ಕ ಡ್ರೈವರನ ಕಡೆ ನೋಡಿ, 'ಕೇಳಿಸ್ತಾ?' ಎಂಬಂತೆ ಹುಬ್ಬೇರಿಸಿದಳು. ಇಬ್ಬರ ರಕ್ತವನ್ನೂ ತೆಗೆದರು. ಡ್ರೈವರ್ ಸೂಜಿಯ ಕಡೆ ನೋಡಲಾರದೆ ಗೋಡೆಗೆ ಮುಖ ತಿರುಗಿಸಿದ. ಅವಳು ತನ್ನ ತೋಳಿಗೆ ಸೂಜಿ ಹೋಗುವುದನ್ನು ನೆಟ್ಟಗೆ ನೋಡಿದಳು. ದಿನವಿಡೀ ಸೂಜಿಯ ಜೊತೆ ಬಾಳುವವಳಿಗೆ ಅದೊಂದು ಲೆಕ್ಕವೇ?

ಕೆಲವು ದಿನ ಬಿಟ್ಟು ಫಲಿತಾಂಶಕ್ಕೆ ಬರಹೇಳಿದ್ದರು. ಮೊದಲು ಡ್ರೈವರ್ ಒಳಗೆ ಹೋದ. ಹೋದಷ್ಟೇ ಬೇಗ ಹೊರಗೆ ಬಂದ. ಮುಖವೆಲ್ಲ ಹಲ್ಲು.

"ಏನೂ ಇಲ್ವಂತೆ! ನಿಮ್ಮತ್ತೆ ಬೇಕಾದ್ರೆ ಬೀದೀಲಿ ಡಂಗುರ ಹೊಡೆಸ್ಲಿ."

ಸೀಟಕ್ಕನ ಎದೆಯ ಮೇಲಿನ ಬಂಡೆ ಉರುಳಿತು. ಕಣ್ಣು ಒದ್ದೆಯಾಯಿತು. ಅದೇ ಒದ್ದೆ ಕಣ್ಣಿನಲ್ಲಿ, ಬಾಯಿತುಂಬ ನಗುತ್ತ, ಅವಳು ಒಳಗೆ ಹೋದಳು. ಡಾಕ್ಟರಮ್ಮ ಎದ್ದು ಬಾಗಿಲು ಹಾಕಿದರು. ಡ್ರೈವರ್ ಹೋದಾಗ ಬಾಗಿಲು ತೆರೆದೇ ಇತ್ತಲ್ಲ ಎಂದು ಅವಳಿಗೆ ಹೊಳೆಯಿತು, ಆದರೂ ನಗು ಇನ್ನೂ ಮುಖದ ಮೇಲಿತ್ತು.

"ನಿಮ್ಮ ರಕ್ತದಲ್ಲಿ ಸಿಫಿಲಿಸ್ ಇದೆ" ಎಂದರು ಡಾಕ್ಟರಮ್ಮ. ಈ ಸಲ ಅವರ ದನಿ ದೊಡ್ಡದಿರಲಿಲ್ಲ.

"ಯಾರ ರಕ್ತದಲ್ಲಿ?"

"ನಿಮ್ಮದರಲ್ಲಿ."

"ಅದು ಅದಲುಬದಲಾಗಿದೆ ಮೇಡಂ" ಎಂದಳು ಸೀಟಕ್ಕ, ಗಿರಾಕಿಗೆ ಸಮಾಧಾನ ಹೇಳುವ ಹಾಗೆ. "ನಮ್ಮಂಗಡೀಲೂ ಆಗುತ್ತೆ. ಎರಡು ಗಾಡಿ ಒಟ್ಟಿಗೆ ಬಂದ್ರೆ ಇದರ ಸೀಟು ಅದಕ್ಕೆ ಹೋಗಿರುತ್ತೆ." ಹೇಳಿದ ಮೇಲೆ ಅದರ ಅರ್ಥ ಹೊಳೆಯಿತು. ಅದಲುಬದಲಾಗಿದ್ದರೆ ಇದು ಡ್ರೈವರನದು. ಅವನ ಮೇಲೆ ಹೊರಿಸಲು ತನ್ನ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಎಂದು ನಾಚಿಕೆಯಾಯಿತು. ಆದರೂ ಪಟ್ಟು ಬಿಡಲಿಲ್ಲ. ಡಾಕ್ಟರಮ್ಮ ವಾದ ಮಾಡಲಿಲ್ಲ. ಅವಳ ಬೆರಳು ಚುಚ್ಚಿ, ಅವಳ ಕಣ್ಣೆದುರೇ ಹನಿ ರಕ್ತವನ್ನು, ಸೋಂಕಿದ್ದರೆ ಗೆರೆ ಮೂಡುವ ಪುಟ್ಟ ಪಟ್ಟಿಯೊಂದಕ್ಕೆ ಬಿಟ್ಟು ಮೇಜಿನ ಮೇಲಿಟ್ಟರು. ಇಬ್ಬರೂ ಅದನ್ನೇ ನೋಡುತ್ತ ಕೂತರು. ಗೆರೆ ಮೂಡಿತು. ಮಸುಕಾಗಿ ಅಲ್ಲ, ಗುರುತು ಹಾಕುವ ಪೆನ್ಸಿಲಿನಲ್ಲಿ ಎಳೆದಷ್ಟು ಸ್ಪಷ್ಟವಾಗಿ ಮೂಡಿತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಪ್ರಮಾಣಿಸಿಯೂ ಆಯಿತು. ಸೀಟಕ್ಕ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. ಅಂಗೈಯಲ್ಲಿ ಸೂಜಿಯ ಗಂಟು, ಹೆಬ್ಬೆರಳಲ್ಲಿ ದಾರ ಕುಯ್ದ ಗುರುತು, ನಿನ್ನೆಯೂ ಇದ್ದವು. ಒಂದು ಹುಣ್ಣಿಲ್ಲ, ಕಲೆಯಿಲ್ಲ, ಒಂದು ದಿನ ಮೈ ಬಿಸಿಯಾಗಿ ಮಲಗಿದವಳಲ್ಲ. ಇಷ್ಟು ವರ್ಷ ತಾನೇ ಉಣಿಸಿ, ಮೀಯಿಸಿ, ಮಲಗಿಸಿದ ಮೈ ಈಗ ಯಾರದೋ ಮನೆಯ ಹಾಗೆ ಕಂಡಿತು.

"ನಾನು ಯಾರ ಜೊತೇಲೂ..." ಎಂದಳು. "ಈ ಡ್ರೈವರ್ ನನ್ನ ಕೈ ಹಿಡಿದಿದ್ದಾನೆ, ಅಷ್ಟೇ. ಅವರು ಹೋದ್ಮೇಲೆ ಯಾರೂ ಇಲ್ಲ. ಅದಕ್ಕೆ ಮುಂಚೇನೂ ಅವರೊಬ್ಬರೇ."

"ಹಾಗಾದ್ರೆ ಅವರಿಂದ್ಲೇ ಬಂದಿರ್ಬೇಕು" ಎಂದರು ಡಾಕ್ಟರಮ್ಮ.

ಆಮೇಲೆ ಅವರು ಬಹಳ ಹೇಳಿದರು. ಇಷ್ಟು ಹಳೆಯದು ಈಗ ನಿಮ್ಮಿಂದ, ಮದುವೆಯಾಗುವವರಿಗೆ ಅಂಟುವ ಸಂಭವ ಕಡಿಮೆ. ಆದರೆ ಮಗು ನಿಂತರೆ ಮಗುವಿಗೆ ಅಪಾಯ, ಹಾಗೇ ಬಿಟ್ಟರೆ ಮುಂದೆ ಹೃದಯಕ್ಕೆ, ಮೆದುಳಿಗೆ, ಕಣ್ಣಿಗೆ ಅಪಾಯ. ವಾಸಿಯಾಗುತ್ತದೆ, ವಾರಕ್ಕೊಂದರಂತೆ ಮೂರು ಇಂಜೆಕ್ಷನ್. ಯಾವ ಕಾಲದ್ದು ಎಂದು ಗೊತ್ತಾದರೆ ಒಳ್ಳೆಯದು. "ಯಜಮಾನರಿಗೆ ಯಾವಾಗಾದ್ರೂ ಇದಕ್ಕೆ ಚಿಕಿತ್ಸೆ ಆಗಿತ್ತಾ?"

"ಅವರಿಗೇನೂ ಇರ್ಲಿಲ್ಲ" ಎಂದಳು ಸೀಟಕ್ಕ. ಬಾಯಿಪಾಠದ ಹಾಗೆ ಬಂದುಬಿಟ್ಟಿತು. ಇವತ್ತೇ ಮೊದಲ ಇಂಜೆಕ್ಷನ್ ಹಾಕೋಣ ಅಂದದ್ದಕ್ಕೆ, ನಾಳೆ ಬರುತ್ತೇನೆ ಎಂದು ಎದ್ದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತದೆ ಲೋಕ. ಮಾಡಿದವನು ಉಣ್ಣದೆ ಎದ್ದು ಹೋದರೆ ಆ ಎಲೆಯ ಮುಂದೆ ಯಾರನ್ನು ಕೂರಿಸುತ್ತಾರೆ ಎಂದು ಲೋಕ ಹೇಳುವುದಿಲ್ಲ.

ಹೊರಗೆ ಡ್ರೈವರ್ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿದ್ದ. ಮುಚ್ಚಿಡಬಹುದಿತ್ತು. ಆದರೆ ಆರೋಗ್ಯವಂತನೆಂಬ ಖುಷಿಯಲ್ಲಿ ಕೂತ ಆ ಮನುಷ್ಯನನ್ನು ನೋಡಿದಾಗ, ಅವನ ಮೈಮೇಲೆ ತಾನು ವಾರಗಟ್ಟಲೆ ಇಟ್ಟಿದ್ದ ಅನುಮಾನ ಅವಳಿಗೆ ನೆನಪಾಯಿತು. ಪಕ್ಕದಲ್ಲಿ ಕೂತು ಹೇಳಿಬಿಟ್ಟಳು. ಡಾಕ್ಟರಮ್ಮ ಹೇಳಿದ್ದಷ್ಟನ್ನೂ, ಯಾರಿಂದ ಬಂದದ್ದೆಂದೂ.

ಅವನ ಕಾಲು ನಿಂತಿತು. ಬೆಂಚಿನ ಮೇಲಿದ್ದ ಅವನ ಕೈ ಅವನಿಗೇ ಗೊತ್ತಿಲ್ಲದಂತೆ ತೊಡೆಯ ಮೇಲೆ ಸರಿಯಿತು. "ಒಂದ್ನಿಮಿಷ" ಎಂದು ಎದ್ದವನು ಸೈಕಲ್ಲುಗಳನ್ನು ದಾಟಿ, ಗೇಟಿನವರೆಗೂ ನಡೆದು, ಅಲ್ಲೇ ನಿಂತ. ಇವಳು ಅವನ ಬೆನ್ನನ್ನೇ ನೋಡುತ್ತ, ಹೋಗುತ್ತಾನೆ ಎಂದುಕೊಂಡಳು. ಮದುವೆ ಮುರಿಯಿತು ಎಂಬ ದುಃಖಕ್ಕೂ ಅವಳಲ್ಲಿ ಜಾಗ ಉಳಿದಿರಲಿಲ್ಲ.

ಅವನು ವಾಪಸು ಬಂದ. "ಸುಳ್ಳು ಹೇಳಲ್ಲ, ಹೆದರಿಕೆ ಆಯ್ತು" ಎಂದ. "ಹೋಗ್ಬಿಡೋಣ ಅಂತ್ಲೇ ಹೋದೆ. ಗೇಟಿನ ಹತ್ರ ನಿಂತಾಗ, ನನಗೆ ಇದ್ದಿದ್ರೆ ನೀವು ಏನ್ ಮಾಡ್ತಿದ್ರಿ ಅಂತ ಯೋಚ್ನೆ ಬಂತು."

"ಬಿಟ್ಟು ಹೋಗ್ತಿದ್ದೆ" ಎಂದಳು ಸೀಟಕ್ಕ.

"ನನಗೂ ಹಾಗೇ ಅನ್ನಿಸ್ತು" ಎಂದ ಅವನು. ಇಬ್ಬರಿಗೂ ನಗು ಬಂದು, ಅದು ಅವಳಲ್ಲಿ ಅಳುವಾಗಿ ತಿರುಗಿತು. ಬಿಕ್ಕುತ್ತಲೇ ಅವಳು ಹೇಳಿದಳು, "ಅತ್ತೆಗೆ ಹೇಗೆ ಹೇಳ್ಲಿ? ಇದ್ದೊಬ್ಬ ಮಗ. ಅವನ ಹೆಸರಲ್ಲೇ ಉಸಿರಾಡ್ತಿದ್ದಾರೆ. ಇದು ಕಿವಿಗೆ ಬಿದ್ರೆ ಮುದುಕಿ ಸತ್ತೇ ಹೋಗ್ತಾರೆ."

ಡ್ರೈವರ್ ತಲೆ ಕೆರೆದುಕೊಂಡ. "ನನಗಿದೆ ಅಂತ ಹೇಳಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಈ ಎಮ್ಮೆ ಚರ್ಮ ದಪ್ಪ ಇದೆ, ಹಾಕಿ. ಡ್ರೈವರ್ ಅಂದ್ಮೇಲೆ ಯಾರೂ ಆಶ್ಚರ್ಯ ಪಡಲ್ಲ. ನಿಮ್ಮ ಇಂಜೆಕ್ಷನ್ ಮುಗಿಯೋವರೆಗೂ ಮದುವೆ ಮುಂದಕ್ಕೆ ಹಾಕೋಣ, ನನ್ನದು ಮುಗೀತು ಅಂತ ಹೇಳೋಣ."

ಬೇಡ ಎಂದು ಅವಳು ಬಾಯಿ ತೆರೆದಳು. ಆದರೆ ಅತ್ತೆಯ ಮುಖ ನೆನಪಾಗಿ ಬಾಯಿ ಮುಚ್ಚಿದಳು.

ಅವಳು ಮನೆಗೆ ಬಂದಾಗ ಅತ್ತೆ ಅಂಗಡಿಯಲ್ಲಿ ನೀಲಿ ರೆಕ್ಸಿನ್ನಿಗೆ ಅಂಚು ಹೊಲಿಯುತ್ತಿದ್ದರು. ಇವಳ ಹೆಜ್ಜೆ ಸಪ್ಪಳ ಕೇಳಿದ್ದೇ ಮಿಷನ್ ನಿಲ್ಲಿಸಿ, ಕುರ್ಚಿಯ ಸಮೇತ ತಿರುಗಿದರು.

"ಏನಂದ್ರು?"

ಸೀಟಕ್ಕ ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಬಂದದ್ದನ್ನು ಒಪ್ಪಿಸಿದಳು. "ಡ್ರೈವರಿಗೆ ಏನೋ ಇದೆಯಂತೆ. ಔಷಧಿ ಇದೆ, ವಾಸಿ ಆಗುತ್ತಂತೆ. ಮದುವೆ ಸ್ವಲ್ಪ ಮುಂದೆ ಹೋಗುತ್ತೆ."

"ನಿನ್ನದು?"

"ನನ್ನದೇನು, ಸರಿಯಾಗಿದೆ."

"ಸರಿಯಾಗಿ ನೋಡಿದ್ರಾ? ಅವರೇ ಬಾಯಿಬಿಟ್ಟು ಹೇಳಿದ್ರಾ?"

"ಹೂಂ. ಏನೂ ಇಲ್ಲ ಅಂದ್ರು."

ಈಗ ಡ್ರೈವರುಗಳ ಕುಲಗೋತ್ರವೆಲ್ಲ ಹೊರಗೆ ಬರುತ್ತದೆ ಎಂದು ಸೀಟಕ್ಕ ತಲೆತಗ್ಗಿಸಿ ಕಾದಳು. ಒಂದು ಬೈಗುಳವೂ ಬರಲಿಲ್ಲ. ತಲೆಯೆತ್ತಿದರೆ ಅತ್ತೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಲುಗುತ್ತಿದ್ದರು. ಅಳುತ್ತಿದ್ದಾರೆ ಎಂದು ಹತ್ತಿರ ಹೋದಳು. ಅವರು ಕೈ ತೆಗೆದರು. ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಸಂತೋಷ. ಮಗ ಹೋದ ಮೇಲೆ ಆ ಮುಖದಲ್ಲಿ ಅಂಥ ಸಂತೋಷವನ್ನು ಅವಳು ಕಂಡಿರಲಿಲ್ಲ.

"ಬದುಕಿದೆ ಕಣೇ" ಎಂದರು ಅತ್ತೆ, ಅವಳ ಎರಡೂ ಕೈ ಹಿಡಿದುಕೊಂಡು. "ಸದ್ಯ, ನಿನಗೆ ದಾಟಿಲ್ಲ. ಡ್ರೈವರದ್ದು ಬಿಡು, ಅದೇನು ಮಹಾ. ಸೊಂಟಕ್ಕೆ ಇಂಜೆಕ್ಷನ್ ಹಾಕ್ತಾರೆ. ಅವತ್ತು ರಾತ್ರಿ ಜ್ವರ ಬರುತ್ತೆ, ಗಡಗಡ ನಡುಗ್ತಾನೆ. ಕಂಬಳಿ ಹೊದ್ದು ಮಲಗಿದ್ರೆ ಮಾರನೇ ದಿನಕ್ಕೆ ಎದ್ದು ಓಡಾಡ್ತಾನೆ."

ಸೀಟಕ್ಕ ಯಾವ ಕಾಯಿಲೆ ಎಂದು ಹೇಳಿರಲಿಲ್ಲ. ಇಂಜೆಕ್ಷನ್ ಎಂದೂ ಹೇಳಿರಲಿಲ್ಲ.

ಕಂಬಳಿ ಹೊದ್ದು ಗಡಗಡ ನಡುಗಿದ ಗಂಡಸನ್ನು ಅವಳು ಕಂಡಿದ್ದಳು. ಗಂಡ ಸಾಯುವ ಹಿಂದಿನ ವರ್ಷ, ರೆಕ್ಸಿನ್ ತರಲು ಹೋಗಿಬಂದು ಸ್ವಲ್ಪ ದಿನವಾಗಿತ್ತು. ಒಂದು ಸಂಜೆ ಹಲ್ಲು ಕಟಕಟ ಕಡಿಯುತ್ತ ಮಲಗಿದ. ಬಿಸಿಲು ಬಡಿದಿದೆ ಎಂದರು ಅತ್ತೆ. ಇವಳು ರಾತ್ರಿಯೆಲ್ಲ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದಳು. ಬೆಳಗಿನ ಜಾವ ಜ್ವರ ಬಿಟ್ಟಾಗ ಅವನು ಇವಳ ಕೈ ಹಿಡಿದು ಅತ್ತಿದ್ದ. ತನ್ನ ಆರೈಕೆಗೆ ಕರಗಿ ಅತ್ತನೆಂದು ಇವಳು ಹಿಗ್ಗಿದ್ದಳು.

"ಯಾರಿಂದ ದಾಟಿಲ್ಲ?" ಎಂದು ಕೇಳಿದಳು ಸೀಟಕ್ಕ.

ಅತ್ತೆಯ ಹಿಡಿತ ಸಡಿಲಾಯಿತು. ಮಾತು ಎಲ್ಲಿ ಜಾರಿತು ಎಂದು ಅವರಿಗೆ ಆಗ ಗೊತ್ತಾಯಿತು. ಮೆಲ್ಲಗೆ ಕುರ್ಚಿ ತಿರುಗಿಸಿ, ಮಿಷನ್ನಿನ ಮೇಲೆ ಕೈಯಿಟ್ಟು, "ಏನ್ ಮಾಡೋದಪ್ಪಾ, ಹೆತ್ತ ಹೊಟ್ಟೆಗೆ..." ಎಂದು ಶುರುಮಾಡಿದರು.

ಸೀಟಕ್ಕ ಕುರ್ಚಿಯ ಬೆನ್ನು ಹಿಡಿದು ಗರ್ರನೆ ತನ್ನ ಕಡೆ ತಿರುಗಿಸಿದಳು. ಬಸ್ಸಿನ ಸೀಟು ಎತ್ತುವ ತೋಳು ಅದು. "ನನಗೆ ಹೇಳಿ" ಎಂದಳು.

ಅತ್ತೆ ಹೇಳಿದರು. ಹೇಳುವಾಗ ಅವರ ಕಣ್ಣು ಬೆಕ್ಕನ್ನು ಹುಡುಕುತ್ತಿತ್ತು, ಆದರೂ ಹೇಳಿದರು. ಮಗನಿಗೆ ಹುಣ್ಣಾಗಿತ್ತು. ಹೆದರಿ ಅಮ್ಮನ ಹತ್ತಿರ ಬಂದ. ರೆಕ್ಸಿನ್ ತರಲು ಹೋದ ಊರಿನಲ್ಲಿ ಒಂದೇ ಒಂದು ಸಲ ಎಂದು ಆಣೆಯಿಟ್ಟ. ಡಾಕ್ಟರು ಇಂಜೆಕ್ಷನ್ ಹಾಕಿ, ಹೆಂಡತಿಯನ್ನೂ ಕರೆತಾ ಎಂದಿದ್ದರು. ನಾನೇ ಸಮಯ ನೋಡಿ ಅವಳಿಗೆ ಹೇಳುತ್ತೇನೆ ಎಂದು ಅತ್ತೆ ಮಗನಿಗೆ ಮಾತು ಕೊಟ್ಟಿದ್ದರು. ಆ ಸಮಯ ಬರುವ ಮೊದಲೇ ಅವನು ಹೋದ.

"ಸತ್ತವನ ಮೇಲೆ ಹೇಗೆ ಹೇಳ್ಲಿ? ನಿನ್ನನ್ನ ನೋಡ್ತಾನೇ ಇದ್ದೆ. ಸ್ನಾನ ಮಾಡಿ ಬಂದಾಗ ಬೆನ್ನು ನೋಡ್ತಿದ್ದೆ, ಕೈ ನೋಡ್ತಿದ್ದೆ. ಏನೂ ಇರ್ಲಿಲ್ಲ. ಕಲ್ಲುಗುಂಡಿನ ಹಾಗಿದ್ದೆ. ಬಂದಿಲ್ಲ ಅಂದ್ಕೊಂಡೆ. ಈಗ ಮದುವೆ ಅಂದಾಗ ಹೊಟ್ಟೇಲಿ ಬೆಂಕಿ ಬಿತ್ತು. ನಾಳೆ ಒಂದು ಮಗು ಗಿಗು ಆಗಿ..." ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. "ನಿನಗೆ ಹೇಳೋಕೆ ಅಂತಲೇ ಡ್ರೈವರಿಗೆ ಹೇಳಿದ್ದು. ಆಯ್ತಲ್ಲ, ದೇವರು ದೊಡ್ಡವನು, ನಿನಗೇನೂ ಇಲ್ವಲ್ಲ."

"ಡ್ರೈವರಿಗೆ ಏನೂ ಇಲ್ಲ" ಎಂದಳು ಸೀಟಕ್ಕ. "ನನಗಿದೆ. ನೀವು ಸಂಕಟ ಪಡ್ತೀರಿ ಅಂತ ಆ ಪಾಪದವನು ತನ್ನ ಮೇಲೆ ಹಾಕ್ಕೊಂಡ."

ಮುದುಕಿಯ ಬಾಯಿ ತೆರೆಯಿತು, ಮುಚ್ಚಲು ಮರೆಯಿತು. ಆ ಹೊತ್ತು ಒಬ್ಬ ಗಿರಾಕಿ ಬಂದು ತನ್ನ ವ್ಯಾನಿನ ಸೀಟು ಆಯಿತೇ ಎಂದು ಕೇಳಿದ. ಇಬ್ಬರೂ ಅವನ ಕಡೆ ನೋಡಿದ ರೀತಿಗೆ ಅವನು ಮೆಟ್ಟಿಲು ಹತ್ತದೆ ಹಿಂದಕ್ಕೆ ಹೋದ.

 ಮರುದಿನ ಬೆಳಿಗ್ಗೆ ಸೀಟಕ್ಕ ಸೀರೆ ಬದಲಿಸಿ ಪರದೆ ಸರಿಸಿದಳು. "ಹೊರಡಿ, ನೀವೂ ಬರ್ಬೇಕು. ಯಾವಾಗಿನದು ಅಂತ ಡಾಕ್ಟರು ಕೇಳಿದ್ರು. ಗೊತ್ತಿರೋದು ನಿಮಗೆ."

ಡಾಕ್ಟರಮ್ಮನ ಎದುರು ಅತ್ತೆ ತಲೆತಗ್ಗಿಸಿ ಕೂತರು. ಹುಣ್ಣು ಯಾವಾಗ, ಇಂಜೆಕ್ಷನ್ ಯಾವಾಗ, ಸತ್ತದ್ದು ಯಾವಾಗ, ಎಲ್ಲದಕ್ಕೂ ಅವರೇ ಉತ್ತರ ಹೇಳಬೇಕಾಯಿತು. ಒಂದನ್ನೂ ಮರೆತಿರಲಿಲ್ಲ. ಆಗಲೇ ಇವರನ್ನು ಕರೆತಂದಿದ್ದರೆ ಒಂದೇ ಇಂಜೆಕ್ಷನ್ನಿನಲ್ಲಿ ಮುಗಿಯುತ್ತಿತ್ತು ಎಂದರು ಡಾಕ್ಟರಮ್ಮ, ಯಾರ ಮುಖವನ್ನೂ ನೋಡದೆ. ಸೀಟಕ್ಕನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು. ಸದ್ಯಕ್ಕೆ ತೊಂದರೆ ಕಾಣುತ್ತಿಲ್ಲ, ಆದರೂ ಹೃದಯದ ಸ್ಕ್ಯಾನ್ ಒಂದು ಮಾಡಿಸಿಬಿಡೋಣ ಎಂದರು. ಆಮೇಲೆ ಇಂಜೆಕ್ಷನ್. ಸೂಜಿಗೆ ಹೆದರದವಳು ಈ ಸಲ ಹಲ್ಲು ಕಚ್ಚಿ ನರಳಿದಳು. ಆ ಔಷಧಿ ಗಂಜಿಯ ಹಾಗೆ ಮಂದ, ನಿಧಾನವಾಗಿ ಉರಿಯುತ್ತ ಇಳಿಯಿತು. ಅತ್ತೆ ಕೈ ಚಾಚಿದರು. ಸೀಟಕ್ಕ ಮಂಚದ ಸರಳು ಹಿಡಿದುಕೊಂಡಳು.

ಹೊರಗಿನ ಬೆಂಚಿನಲ್ಲಿ ಡ್ರೈವರ್ ಕಾಯುತ್ತಿದ್ದ. ಇವರನ್ನು ಕಂಡು ಎದ್ದು ನಿಂತ. ಅತ್ತೆ ಅವನೆದುರು ನಿಂತು, "ನಿನ್ನ ಹೆಸರು ಕೆಡಿಸ್ಬಿಟ್ಟೆ ಕಣಪ್ಪ" ಎಂದರು. ಅವನು "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದು ಜಾಗ ಮಾಡಿಕೊಟ್ಟ.

ಸೀಟಕ್ಕನಿಗೆ ಕೂರಲು ಆಗುತ್ತಿರಲಿಲ್ಲ. ಗೋಡೆಗೆ ಒರಗಿ ನಿಂತು, ಬೆಳಗಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಕೇಳಿದಳು.

"ಇವನು ಬರದೇ ಇದ್ದಿದ್ರೆ, ಮದುವೆ ಮಾತೇ ಇಲ್ದಿದ್ರೆ, ಹೇಳ್ತಿದ್ರಾ? ನನ್ನ ಎದೆಗೋ ತಲೆಗೋ ಬಂದು ಮಲಗಿದ್ದಾಗಾದ್ರೂ ಬಾಯಿ ಬಿಡ್ತಿದ್ರಾ?"

ಅತ್ತೆ ಅವಳ ಮುಖವನ್ನೇ ನೋಡಿದರು. ಸುಳ್ಳು ಹೇಳಿದ್ದರೆ ಆಗುತ್ತಿತ್ತು. ಹೌದು ಎಂಬ ಒಂದು ಮಾತಿಗೆ ಸೀಟಕ್ಕ ಅಷ್ಟು ಹೊತ್ತೂ ಒಳಗೇ ಬೇಡುತ್ತಿದ್ದಳು. ಆದರೆ ನೆಟ್ಟಗೆ ಮಾತಾಡಲು ಈಗಷ್ಟೇ ಕಲಿತ ಮುದುಕಿಗೆ ನೆಟ್ಟಗೆ ಸುಳ್ಳು ಹೇಳುವುದು ಇನ್ನೂ ಬಂದಿರಲಿಲ್ಲ.

"ಇಲ್ಲ" ಎಂದರು ಅತ್ತೆ. "ಹಗಲೂ ರಾತ್ರಿ ನಿನ್ನ ಸೇವೆ ಮಾಡ್ತಿದ್ದೆ. ನೀನು ಹೋಗಿದ್ರೆ ಎದೆ ಬಡ್ಕೊಂಡು ಅಳ್ತಿದ್ದೆ. ಹೇಳ್ತಿರ್ಲಿಲ್ಲ."

ಡ್ರೈವರ್ ನೆಲ ನೋಡಿದ. ಸೀಟಕ್ಕ ಗೋಡೆ ಬಿಟ್ಟು ನೆಟ್ಟಗೆ ನಿಂತಳು. ಇಂಜೆಕ್ಷನ್ ಚುಚ್ಚಿದ ಕಡೆ ಉರಿ ಏರುತ್ತಿತ್ತು. ಆಮೇಲೆ ಅವಳು ಡ್ರೈವರಿಗೆ ಹೇಳಿದಳು, ಅತ್ತೆಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ. "ನಮ್ಮಿಬ್ಬರಿಗೂ ಒಂದು ಬಾಡಿಗೆ ಮನೆ ನೋಡಿ. ಅಂಗಡಿ ಕೆಲಸಕ್ಕೆ ದಿನಾ ಬರ್ತೀನಿ, ಅದನ್ನ ಬಿಡಲ್ಲ. ಆ ಮನೇಲಿ ಮಾತ್ರ ನನಗಿನ್ನು ನಿದ್ದೆ ಬರಲ್ಲ."